ಅಮೆರಿಕಾನೊ ಮೀಮಾಂಸೆ: ಪಶ್ಚಿಮ ಬೆಂಗಳೂರಿನ ಅಡುಗೆಮನೆಗಳಲ್ಲಿ ನೀರು ಬೆರೆಸುವ ಕ್ರಮವನ್ನು ಕುರಿತು

ನುಣ್ಣಗೆ ಬೀಸಿದ ಕಾಫಿಪುಡಿಯ ಮೂಲಕ ಬಿಸಿನೀರನ್ನು ಒತ್ತಡದಿಂದ ನುಗ್ಗಿಸಿ ಇಳಿಸಿದ ಗಟ್ಟಿ ರಸವು ಎಸ್ಪ್ರೆಸೊ ಎನಿಸುತ್ತದೆ. ಅಷ್ಟು ಶ್ರಮಪಟ್ಟು ಗಟ್ಟಿ ಮಾಡಿದ್ದನ್ನು ಮತ್ತೆ ಬಿಸಿನೀರು ಹೊಯ್ದು ತೆಳು ಮಾಡಿದರೆ ಅಮೆರಿಕಾನೊ ಎನಿಸುತ್ತದೆ. ಈ ಪದ ಇಟಲಿಯದೆಂಬ ಮತವೇ ಸರ್ವಮಾನ್ಯವಾದರೂ, ನೆರೆಮನೆಯವರ ಮಗ ಇರುವುದು ‘ಅಮೆರಿಕಾನೋ ಕೆನಡಾನೋ’ ಎಂದು ವಿಜಯನಗರದವರು ಕೇಳುವಾಗ ಬರುವ ಸಂದೇಹಾರ್ಥಕ ‘ನೋ’ ಇಲ್ಲಿಯೂ ಇದೆಯೆಂದು ವಾದಿಸಲು ಅವಕಾಶವುಂಟು. ಲೋಟದಲ್ಲಿದ್ದದ್ದು ಕಾಫಿಯೋ ನೀರೋ ಎಂಬ ಸಂದೇಹ ಕುಡಿದು ಮುಗಿಸಿದ ಮೇಲೂ ಉಳಿಯುವುದರಿಂದ ಈ ವಾದವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಇಟಲಿಗೆ ಬಂದ ಅಮೆರಿಕದ ಸೈನಿಕರು ಎಸ್ಪ್ರೆಸೊದ ಕಟುತ್ವ ತಾಳದೆ ನೀರು ಬೆರೆಸಿಕೊಂಡರೆಂಬುದು ಪ್ರಚಲಿತ ಐತಿಹ್ಯ. ಆದರೆ ಡಿಕಾಕ್ಷನ್ ಗಟ್ಟಿಯಾಯಿತೆಂದು ದೂರಿದ ನೆಂಟರು ರಾಜಾಜಿನಗರದ ಆರೂ ಬ್ಲಾಕುಗಳಲ್ಲಿ ಸಿಗುವುದು ದುರ್ಲಭ.

ಎಸ್ಪ್ರೆಸೊ ಇಳಿಸುವ ಯಂತ್ರವು ಸಾಮಾನ್ಯವಾಗಿ ಮೇಲೆ ಹೇಳಿದ ಮಗನ ಸೂಟ್‌ಕೇಸಿನಲ್ಲಿ ಆಗಮಿಸುತ್ತದೆ. ಅಲ್ಲಿನ ಯಂತ್ರ 120 ವೋಲ್ಟಿನದು, ಇಲ್ಲಿನ ಮನೆಗಳಿಗೆ ಬರುವುದು 230 ವೋಲ್ಟು. ಆದ್ದರಿಂದ ವಿದ್ಯುತ್ತಿನ ರಭಸವನ್ನು ಇಳಿಸಿಕೊಡುವ, ರುಬ್ಬುಗುಂಡಿನಷ್ಟು ತೂಕದ ಟ್ರಾನ್ಸ್‌ಫಾರ್ಮರನ್ನು ಮೊದಲು ಕೊಳ್ಳದಿದ್ದರೆ, ಕಾಫಿಗೆ ಮುಂಚೆ ಹೊಗೆ ಬರುತ್ತದೆ. ಸಾವಿರಕ್ಕೂ ಹೆಚ್ಚು ವ್ಯಾಟ್ ನುಂಗುವ ಯಂತ್ರದ ಹೀಟರನ್ನು ಮನೆಯ ಸಾಧಾರಣ ಯುಪಿಎಸ್ ಹೊರಲಾರದಾದ್ದರಿಂದ, ಕರೆಂಟ್ ಹೋದ ಗಳಿಗೆಯಲ್ಲಿ ಪಕ್ಕದ ಹಿತ್ತಾಳೆ ಫಿಲ್ಟರು ಸ್ಥಿತಪ್ರಜ್ಞನಂತೆ ತೊಟ್ಟಿಕ್ಕುತ್ತಿರುವುದನ್ನು ಯಂತ್ರದ ಒಡೆಯರು ನೋಡಬೇಕಾಗುತ್ತದೆ.

ವಿಧಿಯು ಹೀಗಿದೆ: 18 ಗ್ರಾಂ ಪುಡಿಯನ್ನು ಯಂತ್ರದ ಜರಡಿಬಟ್ಟಲಿಗೆ ಒತ್ತಿ, 9 ಬಾರ್ ಒತ್ತಡದಲ್ಲಿ, ಅಂದರೆ ವಾಯುಮಂಡಲದ ಒಂಬತ್ತರಷ್ಟು ಬಲದಿಂದ, 25ರಿಂದ 30 ಸೆಕೆಂಡಿನೊಳಗೆ 36 ಗ್ರಾಂ ರಸವನ್ನು ಇಳಿಸತಕ್ಕದ್ದು. ಮನೆಯ ವಾಡಿಕೆಯ ಪುಡಿಯನ್ನೇ ಹಾಕಿದರೆ, ಅದರೊಳಗಿನ ಚಿಕೋರಿ ನೀರು ಹೀರಿ ಜಿಗುಟಾಗಿ ಜರಡಿಯ ರಂಧ್ರಗಳನ್ನು ಮುಚ್ಚುವುದರಿಂದ, ಯಂತ್ರವು ಉಬ್ಬಸದವರಂತೆ ಏದುಸಿರುಬಿಡುತ್ತದೆ. ಬೋರ್‌ವೆಲ್ಲಿನ ಗಡಸುನೀರು ಒಳಗೆ ಸುಣ್ಣ ಕಟ್ಟಿಸುತ್ತದೆ. ಆದ್ದರಿಂದ ಕೆಂಗೇರಿಯವರು ಕಾವೇರಿ ನೀರಿನ ಸರದಿಯ ದಿನವನ್ನು ಕಾಯುವುದೇ ಶಾಸ್ತ್ರಸಮ್ಮತ. ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದ ಈ ಊರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದಾದ್ದರಿಂದ, ಕುದಿನೀರಿನಿಂದ ಕಾಫಿ ಸೀಯುವುದೆಂಬ ಪಾಶ್ಚಾತ್ಯರ ಭಯಕ್ಕೆ ಇಲ್ಲಿ ಮೂರು ಡಿಗ್ರಿಗಳ ರಿಯಾಯಿತಿಯುಂಟು.

ನಿಜವಾದ ವಿವಾದವಿರುವುದು ಕ್ರಮದಲ್ಲಿ. ರಸದ ಮೇಲೆ ನೀರು ಹೊಯ್ಯಬೇಕೆನ್ನುವುದು ಜಲೋತ್ತರ ಮೀಮಾಂಸೆ. ನೀರಿನ ಮೇಲೆ ರಸವನ್ನು ಇಳಿಸಬೇಕೆನ್ನುವುದು ಜಲಪೂರ್ವ ಮೀಮಾಂಸೆ. ಕ್ರೇಮಾ, ಅಂದರೆ ಇಂಗಾಲದ ಡೈಆಕ್ಸೈಡಿನ ಗುಳ್ಳೆಗಳೂ ಕಾಫಿಯ ಎಣ್ಣೆಯಂಶವೂ ಕೂಡಿ ರಸದ ಮೇಲೆ ನಿಲ್ಲುವ ಹೊನ್ನೊರೆಯು, ಮೊದಲ ಕ್ರಮದಲ್ಲಿ ಒಡೆದು ಹರಡುತ್ತದೆ, ಎರಡನೆಯದರಲ್ಲಿ ಉಳಿಯುತ್ತದೆ. ಆಸ್ಟ್ರೇಲಿಯಾದವರು ಎರಡನೆಯದಕ್ಕೆ ಲಾಂಗ್ ಬ್ಲ್ಯಾಕ್ ಎಂದು ಬೇರೆ ಹೆಸರನ್ನೇ ಇಟ್ಟು, ಪೂರ್ವಪಕ್ಷವನ್ನೇ ಪ್ರತ್ಯೇಕ ಮಠವನ್ನಾಗಿ ಮಾಡಿಕೊಂಡಿದ್ದಾರೆ. ಇಟಲಿಯವರ ತೀರ್ಪು ಕೇಳಬಹುದಿತ್ತು. ಆದರೆ ಕೊಡಗು ಚಿಕ್ಕಮಗಳೂರುಗಳ ಬೀಜವನ್ನು ವರ್ಷವರ್ಷವೂ ಹಡಗುಗಟ್ಟಲೆ ತರಿಸಿಕೊಳ್ಳುವ ಕಕ್ಷಿದಾರರು ನ್ಯಾಯಾಧೀಶರಾಗಲಾರರು.

ಬಸವೇಶ್ವರನಗರದಲ್ಲಿ ಈ ವಿವಾದ ಬಹಳ ಹೊತ್ತು ಬಾಳುವುದಿಲ್ಲ. ಯಾವ ಕ್ರಮದಲ್ಲಿ ಬೆರೆಸಿದ್ದರೂ, ಬಿಸಿ ಹೆಚ್ಚೆಂಬ ಕಾರಣಕ್ಕೆ ಪಾನೀಯವನ್ನು ಲೋಟದಿಂದ ದವರಕ್ಕೂ, ಅಂದರೆ ಅದರಡಿಯ ಅಗಲ ಬಟ್ಟಲಿಗೂ, ದವರದಿಂದ ಲೋಟಕ್ಕೂ ಮೊಳದುದ್ದ ಎತ್ತಿ ಹೊಯ್ಯಲಾಗುತ್ತದೆ. ಹೊನ್ನೊರೆ ಅಳಿದು ಬಿಳಿನೊರೆ ಏಳುತ್ತದೆ. ಹಾಲಿಲ್ಲದ ಆ ನೊರೆ ದವರ ಕೆಳಗಿಡುವಷ್ಟರಲ್ಲಿ ಇಳಿದುಹೋಗುವುದನ್ನು ಕಂಡ ಹಿರಿಯರು ಎದ್ದು, ಹಾಲಿನ ಪಾತ್ರೆಯನ್ನು ಒಲೆಯ ಮೇಲಿಡುತ್ತಾರೆ.