ಸಿಲ್ಕ್ ಬೋರ್ಡ್ ಬರೆದ ಎಚ್‌ಆರ್ ಪಾಲಿಸಿ

ಮನೆಯಿಂದ ಕೆಲಸ ಒಳ್ಳೆಯದೋ ಕೆಟ್ಟದ್ದೋ ಎಂದು ಬೆಂಗಳೂರಿನ ಬಿಟಿಎಂ ಲೇಔಟಿನ ಯಾವ ಉದ್ಯೋಗಿಯನ್ನೂ ಕೇಳಬೇಡಿ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಟ್ರಾಫಿಕ್ ಹೇಗಿದೆ ಅಂತ ಕೇಳಿ, ಎರಡಕ್ಕೂ ಉತ್ತರ ಸಿಗುತ್ತದೆ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂದಾಗ ಗೊಣಗದವರಿಲ್ಲ. ಕುರ್ಚಿ ನಮ್ಮದು, ಕರೆಂಟು ನಮ್ಮದು, ವೈಫೈ ನಮ್ಮದು, ಬೆನ್ನುನೋವೂ ನಮ್ಮದೇ. ಕಂಪನಿಯದು ಅಂತ ಇದ್ದದ್ದು ಲ್ಯಾಪ್‌ಟಾಪ್ ಒಂದೇ, ಅದನ್ನೂ ರಾತ್ರಿ ಹನ್ನೊಂದರವರೆಗೆ ಮುಚ್ಚುವಂತಿಲ್ಲ. ಪಿಜಿ ಖಾಲಿ ಮಾಡಿ ಊರು ಸೇರಿದವರು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದರು.

ಚಳಿಗಾಲಕ್ಕೆ ಅವರೇಕಾಯಿ ಬಂತು, ಅಭಿಪ್ರಾಯ ಬದಲಾಯಿತು. ಹಿತಕಿದ ಬೇಳೆ ಎರಡೂ ಕೈ ಬೇಡುವ ಕೆಲಸ. ನೆನೆಸಿದ ಕಾಳನ್ನು ಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳಬೇಕು. ಜಯನಗರ ಒಂಬತ್ತನೇ ಬ್ಲಾಕಿನ ಮ್ಯಾನೇಜರ್ ಗೆಳೆಯನೊಬ್ಬ ‘ಬ್ಯಾಂಡ್‌ವಿಡ್ತ್ ಪ್ರಾಬ್ಲಂ’ ಎಂದು ಕ್ಯಾಮೆರಾ ಆಫ್ ಮಾಡಿ, ಒಂದು ರಿವ್ಯೂ ಮುಗಿಯುವಷ್ಟರಲ್ಲಿ ಒಂದು ಬೋಗುಣಿ ಹಿತುಕುತ್ತಿದ್ದ. ಒಮ್ಮೆ ಮ್ಯೂಟ್ ಮರೆತ. “ಸಿಪ್ಪೆ ಬೇಳೆ ಜೊತೆ ಹಾಕ್ಬೇಡ ಕಣೋ, ಎಷ್ಟು ಸಲ ಹೇಳ್ಲಿ ನಿಂಗೆ?” ಎಂಬ ಅಮ್ಮನ ದನಿ ಅಮೆರಿಕದ ಕ್ಲೈಂಟ್‌ವರೆಗೂ ತಲುಪಿತು. ಆ ಮೀಟಿಂಗಿನಲ್ಲಿ ಯಾರಿಗಾದರೂ ಸಿಕ್ಕ ಸ್ಪಷ್ಟ ಸೂಚನೆ ಅದೊಂದೇ.

ಸರ್ಕಾರವೂ ಹಿಂದೆ ಬೀಳಲಿಲ್ಲ. 2021ರ ಆಗಸ್ಟಿನಲ್ಲಿ ರಾಜ್ಯದ ಐಟಿ-ಬಿಟಿ ಇಲಾಖೆ ಐಟಿ ಕಂಪನಿಗಳ ಒಕ್ಕೂಟ ನಾಸ್ಕಾಂಗೆ ಪತ್ರ ಬರೆಯಿತು: ಹೊರವರ್ತುಲ ರಸ್ತೆಯ ಕಂಪನಿಗಳು 2022ರ ಡಿಸೆಂಬರ್‌ವರೆಗೂ ಮನೆಯಿಂದಲೇ ಕೆಲಸ ಮಾಡಿಸಲಿ. ಕೊರೊನಾಕ್ಕೆ ಹೆದರಿ ಬರೆದದ್ದಲ್ಲ, ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ತನಕ ಮೆಟ್ರೊ ಕಾಮಗಾರಿ ನಡೆದಿತ್ತು. ಲಸಿಕೆ ತಲುಪಿದ ಊರಿಗೆ ರಸ್ತೆ ಇನ್ನೂ ತಲುಪಿರಲಿಲ್ಲ.

ಆಮೇಲೆ ಕಂಪನಿಗಳಿಗೆ ಇದ್ದಕ್ಕಿದ್ದಂತೆ ‘ವರ್ಕ್ ಕಲ್ಚರ್’ ನೆನಪಾಯಿತು. ಎದುರುಬದುರು ಕೂತರೆ ಐಡಿಯಾ ಹುಟ್ಟುತ್ತದಂತೆ. ಹೀಗಾಗಿ ಬನಶಂಕರಿಯ ಹುಡುಗಿ ಎರಡು ಗಂಟೆ ಬಸ್ಸಲ್ಲಿ ಜೋತಾಡಿ ಬೆಳ್ಳಂದೂರು ಮುಟ್ಟಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಪುಣೆಯ ಟೀಮಿನ ಜೊತೆ ಆನ್‌ಲೈನ್ ಮೀಟಿಂಗ್ ಮಾಡುತ್ತಾಳೆ. ಎದುರು ಕೂತವನೂ ಅದನ್ನೇ ಮಾಡುತ್ತಾನೆ, ಆದರೆ ಚೆನ್ನೈ ಜೊತೆ. ಊಟದ ಟೇಬಲ್ಲಿನ ಆಫೀಸನ್ನು ಶಪಿಸುತ್ತಿದ್ದವರೇ ಈಗ ಅದನ್ನು ಹಕ್ಕು ಅನ್ನುತ್ತಾರೆ. ಇದನ್ನು ಸೋಮಾರಿತನ ಎನ್ನುವ ಬಾಸ್‌ಗಳು ಒಮ್ಮೆ ಡ್ರೈವರ್ ಇಲ್ಲದೆ ತಾವೇ ಕಾರು ಓಡಿಸಿಕೊಂಡು ಬರಲಿ.

2025ರ ಜುಲೈನಲ್ಲಿ ಸಂಚಾರ ಪೊಲೀಸರೂ ಎಚ್‌ಆರ್ ಕೆಲಸಕ್ಕೆ ಇಳಿದರು: ಹೊರವರ್ತುಲ ರಸ್ತೆಯಲ್ಲಿ ಬುಧವಾರವೇ ದಟ್ಟಣೆ ಜಾಸ್ತಿ, ಅವತ್ತು ಮನೆಯಿಂದ ಕೆಲಸ ಮಾಡಿಸಬಾರದೇ?

ಮರುತಿಂಗಳ 10ಕ್ಕೆ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಮೆಟ್ರೊ ಉದ್ಘಾಟನೆಯಾಯಿತು. ಸಿಲ್ಕ್ ಬೋರ್ಡ್ ತಲೆಯ ಮೇಲೇ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಈ ರೈಲಿನಿಂದ ಜೆ.ಪಿ. ನಗರದ ಎಷ್ಟೋ ಮನೆಗಳಲ್ಲಿ ಮೌನ ಕವಿಯಿತು. ಇನ್ನು ಯಾವ ನೆಪ ಹೇಳುವುದು? ಅಷ್ಟರಲ್ಲಿ ವಿವರ ತಿಳಿಯಿತು: ಆರಂಭಕ್ಕೆ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. “ನೋಡಿ ಸರ್, ಬರೋಕೆ ನಂಗೇನೋ ಇಷ್ಟಾನೇ...” ಎಂಬ ಮೆಸೇಜು ಆ ಸಂಜೆಯೇ ಟೈಪಾಯಿತು.