ಬಟ್ಟೆ ಬಿಟ್ಟ ಇಡ್ಲಿ

"ಏನ್ ಭಟ್ರೇ, ಇಡ್ಲಿ ತಟ್ಟೆಗೆ ಬಟ್ಟೆ ಹಾಸ್ತಿದ್ರಲ್ಲ, ಎಲ್ಲಿ?"

"ಒಗೆಯೋರ್ಯಾರು ಸಾರ್? ಪ್ಲಾಸ್ಟಿಕ್ ಹಾಳೆಗೆ ಇಡ್ಲಿ ಅಂಟೋದೇ ಇಲ್ಲ."

"ಹಬೆಗೆ ಅದರ ರಾಸಾಯನಿಕ ಇಡ್ಲಿಗಿಳಿಯುತ್ತೆ ಅಂತ 2025ರಲ್ಲಿ ಸರ್ಕಾರ ನಿಷೇಧಿಸಿತಲ್ಲ?"

"2016ರಲ್ಲಿ ಕವರ್ ಕೂಡ ನಿಷೇಧಿಸಿತ್ತು. ನಿಮ್ಮ ಕೈಯಲ್ಲಿರೋದೇನು?"

ಪಾರ್ಸೆಲ್ ಸಾಂಬಾರ್. ಕುತ್ತಿಗೆಗೆ ರಬ್ಬರ್ ಬ್ಯಾಂಡ್ ಬಿಗಿದಿದ್ದ ಕವರ್ ಬಿಸಿಗೆ ಉಬ್ಬಿತ್ತು. ಮೆಲ್ಲಗೆ ಬೆನ್ನ ಹಿಂದೆ ಸರಿಸಿದೆ.

ಹೊರಗೆ ಹಸುವೊಂದು ನಿನ್ನೆಯ ಕವರನ್ನು ಚಟ್ನಿ ಸಮೇತ ನುಂಗುತ್ತಿತ್ತು.

"ನೋಡಿ, ಅದಕ್ಕೇನಾಗಿದೆ?"

"ಪಶುವೈದ್ಯರನ್ನ ಕೇಳಿ, ಹೊಟ್ಟೆ ಕೊಯ್ದು ಕಿಲೋಗಟ್ಟಲೆ ತೆಗೀತಾರೆ."

"ಅದರ ಹಾಲಿನ ಕಾಫಿ ಕೊಡ್ಲಾ?"

"ಪೇಪರ್ ಲೋಟದಲ್ಲಿ ಕೊಡಿ. ನಾನು ಪ್ಲಾಸ್ಟಿಕ್ ಮುಟ್ಟಲ್ಲ."

"ಅದರೊಳಗೂ ಪ್ಲಾಸ್ಟಿಕ್ ಲೇಪ ಇರುತ್ತೆ. ಸಕ್ಕರೆ ಎಷ್ಟು ಹಾಕ್ಲಿ ಸಾರ್?"