ನಾಲ್ಕೋ ಆರೋ ರಾಯರು

ಆಚಾರ್ಯ ಕಾಲೇಜಿನ ಹುಡುಗರ ಬೈಕುಗಳನ್ನು ಬಿಟ್ಟರೆ ಸೋಲದೇವನಹಳ್ಳಿಯಲ್ಲಿ ಅತಿ ಹೆಚ್ಚು ಸದ್ದು ಮಾಡುವ ಗಾಡಿ ನಮ್ಮ ರಾಯರ ಸ್ಟ್ಯಾಂಡರ್ಡ್ ಹೆರಾಲ್ಡ್. ಅದಕ್ಕೆ ಎಂಜಿನ್ ಇಲ್ಲ. ಸದ್ದೆಲ್ಲ ರಾಯರದೇ.

ಜಾಲಹಳ್ಳಿಯ ಎಚ್‌ಎಂಟಿಯಲ್ಲೋ ಬಿಇಎಲ್ಲಿನಲ್ಲೋ ದುಡಿದು ರಿಟೈರಾಗಿ, ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸಿ, ಗೇಟಿನೊಳಗೆ ಮಿಕ್ಕ ಜಾಗದಲ್ಲಿ ನೀಲಿ ಟಾರ್ಪಾಲಿನಡಿ ಒಂದು ಹಳೇ ಕಾರನ್ನು ಮಲಗಿಸಿರುವವರು ಈ ಕಡೆ ಬೀದಿಗೊಬ್ಬರಾದರೂ ಸಿಗುತ್ತಾರೆ. ಒಬ್ಬರದು ಪದ್ಮಿನಿ, ಇನ್ನೊಬ್ಬರದು ಅಂಬಾಸಿಡರ್. ಎಲ್ಲರದೂ ಒಂದೇ ಮಾತು: "ಸ್ವಲ್ಪ ಕೆಲ್ಸ ಇದೆ, ಮುಗಿದ್ರೆ ರೋಡಿಗೇ." ರಾಯರು ಅಷ್ಟಕ್ಕೆ ತೃಪ್ತಿಪಡುವವರಲ್ಲ. ಅವರ 1968ರ ಹೆರಾಲ್ಡ್ ಸ್ಪೋರ್ಟ್ಸ್ ಕಾರೇ ಆಗಬೇಕು. ಅಡ್ಡಿಯಾಗಿರುವುದು ಒಂದೇ ಪ್ರಶ್ನೆ. ಎಂಜಿನ್ ನಾಲ್ಕು ಸಿಲಿಂಡರಿನದೋ, ಆರರದೋ?

ನಗಬೇಡಿ, ಪ್ರಶ್ನೆಗೆ ಬುಡವಿದೆ. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್‌ನವರು ಅರವತ್ತರ ದಶಕದಲ್ಲಿ ತಯಾರಿಸಿದ ಹೆರಾಲ್ಡಿಗೆ ಇದ್ದದ್ದು 948 ಸಿಸಿಯ ನಾಲ್ಕು ಸಿಲಿಂಡರ್. ಆದರೆ ಇಂಗ್ಲೆಂಡಿನ ಕವೆಂಟ್ರಿಯ ಟ್ರಯಂಫ್ ಕಂಪನಿ ಇದೇ ಹೆರಾಲ್ಡಿನ ಬಾಡಿಗೆ 1962ರಲ್ಲಿ ಆರು ಸಿಲಿಂಡರ್ ಕೂರಿಸಿ ವಿಟೆಸ್ ಎಂದು ಮಾರಿತು. ಅದೇ ವರ್ಷ ಹೆರಾಲ್ಡಿನ ಚಾಸಿಸ್ಸನ್ನೇ ಗಿಡ್ಡ ಮಾಡಿ ನಾಲ್ಕು ಸಿಲಿಂಡರಿನ ಸ್ಪಿಟ್‌ಫೈರ್ ಕಟ್ಟಿತು. 1966ರಲ್ಲಿ ಅದಕ್ಕೂ ಎರಡು ಲೀಟರಿನ ಆರು ಸಿಲಿಂಡರ್ ಹಾಕಿ ಜಿಟಿ6 ಮಾಡಿತು. ಆ ಆರೇನೂ ಬೇರೆ ಮನೆತನದ್ದಲ್ಲ, ಈ ನಾಲ್ಕರ ವಂಶದಲ್ಲೇ ಬೆಳೆದದ್ದು. "ಕವೆಂಟ್ರೀಲಿ ಆಗಿದ್ದು ಸೋಲದೇವನಹಳ್ಳೀಲಿ ಯಾಕಾಗಬಾರದು?" ಎಂದು ರಾಯರು ಕೇಳುತ್ತಾರೆ. ಉತ್ತರ ಹೇಳಲು ಯಾರೂ ನಿಲ್ಲುವುದಿಲ್ಲ.

ನಿಂತವರು ಸಿಕ್ಕಿಬಿದ್ದರೆಂದೇ ಲೆಕ್ಕ. ರಾಯರು ಟಾರ್ಪಾಲು ಸರಿಸಿ ಬಾನೆಟ್ ಎತ್ತುತ್ತಾರೆ. ಹೆರಾಲ್ಡಿನ ಬಾನೆಟ್ ಅಂದರೆ ಮಡ್‌ಗಾರ್ಡು, ಹೆಡ್‌ಲೈಟು ಸಮೇತ ಮೂತಿಯೇ ಮುಂದಕ್ಕೆ ಬಗ್ಗುತ್ತದೆ. ಮುಂದಿನ ಟೈರಿನ ಮೇಲೆ ಕಾಫಿ ಲೋಟ ಹಿಡಿದು ಆರಾಮವಾಗಿ ಕೂರಬಹುದು. ಅಲ್ಲಿ ಕೂತು, ಎಂಜಿನ್ ಇರಬೇಕಾದ ಖಾಲಿ ಜಾಗ ನೋಡುತ್ತಾ, ಬೆರಳು ಮಡಚಿ ಫೈರಿಂಗ್ ಆರ್ಡರ್ ಒಪ್ಪಿಸುತ್ತಾರೆ: ನಾಲ್ಕಕ್ಕೆ ಒಂದು-ಮೂರು-ನಾಲ್ಕು-ಎರಡು, ಆರಕ್ಕೆ ಒಂದು-ಐದು-ಮೂರು-ಆರು-ಎರಡು-ನಾಲ್ಕು. ಎರಡನೆಯದು ಹೇಳುವಾಗ ಕಣ್ಣು ಮುಚ್ಚಿ, ತೊಡೆ ತಟ್ಟಿ, ರೂಪಕ ತಾಳಕ್ಕೆ ಕೂತ ವಿದ್ವಾಂಸರಂತೆ ತಲೆದೂಗುತ್ತಾರೆ. ನಾಲ್ಕರಲ್ಲಿ ಎರಡು ಪಿಸ್ಟನ್ ಮೇಲೆ, ಎರಡು ಕೆಳಗೆ. ಒಂದನ್ನೊಂದು ತೂಗಿದರೂ ಕ್ರ್ಯಾಂಕ್ ಒಂದು ಸುತ್ತು ಸುತ್ತುವಷ್ಟರಲ್ಲಿ ಎರಡು ಸಲ ಸಣ್ಣ ನಡುಕ ಉಳಿದೇ ಉಳಿಯುತ್ತದೆ. ಸಾಲಿನಲ್ಲಿ ನಿಂತ ಆರರಲ್ಲಿ ಆ ನಡುಕವೇ ಇಲ್ಲ. "ಓಡೋ ಎಂಜಿನ್ ಮೇಲೆ ಒಂದ್ರೂಪಾಯಿ ನಿಲ್ಲಿಸಬಹುದು ಕಣ್ರೀ!"

ಹೀಗೆ ಆರು ಗೆದ್ದಿತು ಅನ್ನುವ ದಿನವೇ ಅವರು ಎಂಜಿಸಿಯನ್ನು ನೆನೆದು ಪೆಚ್ಚಾಗುತ್ತಾರೆ. ಎಂಜಿಬಿ ಎಂಬ ಒಳ್ಳೆಯ ನಾಲ್ಕು ಸಿಲಿಂಡರಿನ ಕಾರಿಗೆ 1967ರಲ್ಲಿ ಮೂರು ಲೀಟರಿನ ಆರು ಸಿಲಿಂಡರ್ ತುರುಕಿ ಎಂಜಿಸಿ ಮಾಡಿದರು. ಎಂಜಿನ್ ಹಿಡಿಸದೆ ಬಾನೆಟ್ಟಿಗೆ ಬೋರೆ ಬಂತು, ಮೂತಿ ಭಾರವಾಯಿತು, ತಿರುವಿನಲ್ಲಿ ತಿರುಗಲು ಒಲ್ಲೆ ಅಂತು. ಎರಡು ವರ್ಷದಲ್ಲಿ ಅಂಗಡಿ ಮುಚ್ಚಿದರು. ಹೆಸರಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಯಾವ ಕಾರಿಗೂ ತಿರುವು ತೆಗೆದುಕೊಳ್ಳುವಷ್ಟು ಸ್ಪೀಡ್ ಬರುವುದಿಲ್ಲ ಎಂಬುದು ಬೇರೆ ಮಾತು. ರಾಯರು ಅದನ್ನು ಲೆಕ್ಕಕ್ಕೆ ತಗೊಂಡಿಲ್ಲ.

ಸರಿ, ನಾಲ್ಕೇ ಎಂದು ತೀರ್ಮಾನಿಸಿದ ಬೆಳಗ್ಗೆ ಹಾಲು ಹಾಕುವ ಗೌಡರು ಬಂದರು. ಟಿಆರ್2 ಎಂಬ ಸ್ಪೋರ್ಟ್ಸ್ ಕಾರಿನ ನಾಲ್ಕು ಸಿಲಿಂಡರಿನ ಮಹಿಮೆ ಹೇಳುವ ಭರದಲ್ಲಿ, ಅದೇ ಕುಲದ ಎಂಜಿನ್ ಫರ್ಗುಸನ್ ಟ್ರ್ಯಾಕ್ಟರಿನಲ್ಲೂ ಇತ್ತು ಎಂಬ ನಿಜ ರಾಯರ ಬಾಯಿಂದ ಜಾರಿತು.

"ಅಂಗಾದ್ರೆ ಇದು ಉಳೋ ಎಂಜಿನ್ನು ಅನ್ನಿ ಸ್ವಾಮಿ" ಎಂದರು ಗೌಡರು, ಮೆಚ್ಚುಗೆಯಿಂದಲೇ.

ರಾಯರು ಒಂದು ತಿಂಗಳು ಆರರ ಪಕ್ಷದಲ್ಲಿದ್ದರು.

ಮೆಕ್ಯಾನಿಕಲ್ ಓದುವ ಹುಡುಗನೊಬ್ಬ, "ಅಂಕಲ್, ಬೆಂಗಳೂರಿನ ಸ್ಯಾನ್ ಕಂಪನಿಯವರ ಸ್ಟಾರ್ಮ್ ಸ್ಪೋರ್ಟ್ಸ್ ಕಾರಿಗೂ ರೆನೊದ 1.2 ಲೀಟರ್ ನಾಲ್ಕು ಸಿಲಿಂಡರೇ ಅಲ್ವಾ?" ಎಂದು ಸಂಧಾನಕ್ಕೆ ಬಂದ. "ಅದರ ಬಾಡಿ ಫೈಬರ್" ಎಂದು ರಾಯರು ಮಾತು ಮುರಿದರು. ಅವರ ಮನೆಯವರಿಗೆ ಪಕ್ಷವೇ ಇಲ್ಲ. "ರೀ, ನಾಲ್ಕಾದ್ರೂ ಹಾಕ್ಸಿ, ಆರಾದ್ರೂ ಹಾಕ್ಸಿ. ಸಂಡಿಗೆ ಒಣಗೋವರ್ಗೂ ಬಾನೆಟ್ ಎತ್ತಬೇಡಿ."

2021ರಲ್ಲಿ ಕೇಂದ್ರ ಸರ್ಕಾರದ ವಿಂಟೇಜ್ ವಾಹನ ನಿಯಮ ಬಂದಾಗ ಕಥೆ ಮುಗಿಯಿತು ಅಂದುಕೊಂಡೆವು. ಐವತ್ತು ವರ್ಷ ದಾಟಿದ ಗಾಡಿಗೆ 'ವಿಎ' ಸಾಲಿನ ನಂಬರು, ಹೊಸ ನೋಂದಣಿಗೆ 20,000 ರೂಪಾಯಿ. ಆದರೆ ಗಾಡಿ ಮೂಲ ರೂಪದಲ್ಲಿರಬೇಕು, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಓಡಿಸುವುದೂ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ಇಂಥದ್ದಕ್ಕೆ ಮಾತ್ರ. ಹೆರಾಲ್ಡಿನ ಮೂಲ ಎಂದರೆ 948, ನಾಲ್ಕು. ಸರ್ಕಾರವೇ ತೀರ್ಪು ಕೊಟ್ಟ ಮೇಲೆ ಮಾತೇನು? ರಾಯರು ಮೂರು ದಿನ ಮಂಕಾಗಿದ್ದರು. ನಾಲ್ಕನೆಯ ದಿನ, "ವಿಎ ನಂಬರೇ ತಗೋಬೇಕು ಅಂತ ಯಾರು ಹೇಳಿದ್ರು?" ಎನ್ನುತ್ತಾ ಗೆಲುವಾಗಿ ಹೊರಬಂದರು.

ಮೊನ್ನೆ ತುಮಕೂರಿನ ಕಡೆಯವನೊಬ್ಬ ಟೆಂಪೊದಲ್ಲಿ ಹೆರಾಲ್ಡಿನದೇ ಎಂಜಿನ್ ಹಾಕಿಕೊಂಡು ಬಂದ. ಕಾಗದಪತ್ರ ಸರಿಯಿತ್ತು, ರೇಟೂ ವಾಜಿಮಿ. ಬೀದಿಯವರೆಲ್ಲ ಸೇರಿದೆವು. ರಾಯರು ಪುಲ್ಲಿ ಹಿಡಿದು ಕೈಯಲ್ಲೇ ತಿರುಗಿಸಿದರು, ಜಾಮ್ ಆಗಿರಲಿಲ್ಲ. ಪ್ಲಗ್ ಬಿಚ್ಚಿ, ತೂತಿಗೆ ಹೆಬ್ಬೆರಳು ಒತ್ತಿ ಕಂಪ್ರೆಷನ್ ನೋಡಿದರು. ಇನ್ನೂ ಬೋರಿಗೆ ಬಂದಿರಲಿಲ್ಲ. ಹಿಡಿಯಲು ನೆಪವೇ ಸಿಗಲಿಲ್ಲ. ಆಗ ಟೆಂಪೊದ ಹಿಂಬದಿಗೆ ಒರಗಿ ಆ ಎಂಜಿನ್ನಿನ ಗುಣಗಾನ ಶುರುಮಾಡಿದರು. ಹೊಗಳಿದ್ದೇ ಹೊಗಳಿದ್ದು. ಇಂಥದ್ದು ಇನ್ನೆಲ್ಲೂ ಸಿಗುವುದಿಲ್ಲ, ಕೊಟ್ಟವನು ಕೆಟ್ಟ ಎಂದು ಅವನ ಕೈಹಿಡಿದು ಹೇಳಿದರು.

ಅವನು ಎಂಜಿನ್ನನ್ನು ಒಂದು ಸಲ ನೋಡಿದ, ರಾಯರನ್ನು ಒಂದು ಸಲ ನೋಡಿದ. "ಅಂಗಾದ್ರೆ ನಾನ್ಯಾಕ್ ಮಾರ್ಲಿ ಸಾರ್?" ಎಂದು ಹಗ್ಗ ಬಿಗಿದು ಟೆಂಪೊ ತಿರುಗಿಸಿಯೇಬಿಟ್ಟ.

ರಾಯರು ಬಾಡಿಗೆಯಲ್ಲಿ ಅರ್ಧ ತಾವೇ ಕೊಟ್ಟು ಕಳಿಸಿದರು. ಗೇಟು ಹಾಕಿಕೊಳ್ಳುತ್ತಾ ಮೆಕ್ಯಾನಿಕಲ್ ಹುಡುಗನನ್ನು ಹತ್ತಿರ ಕರೆದು, ದನಿ ತಗ್ಗಿಸಿ, "ಈ ಮೂರು ಸಿಲಿಂಡರಿನ ಬಗ್ಗೆ ನಿಮ್ಮ ಕಾಲೇಜಲ್ಲಿ ಏನ್ ಹೇಳ್ತಾರಪ್ಪ?" ಎಂದರು.